ಟ್ರಾಫಿಕ್ ಜಾಮ್ ಒಂದು ರಸ್ತೆಯಿಂದ ಊರಿಡೀ ಹೇಗೆ ಹರಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜಾಮ್ ಎಂದರೇನು ಅಂತ ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಟಿನ್ ಫ್ಯಾಕ್ಟರಿ ಜಂಕ್ಷನ್ ಹತ್ತಿರ ಆದ ಒಂದು ತಾಪತ್ರಯಕ್ಕೆ ಹೊರಮಾವಿನವರು ಯಾಕೆ ಅರ್ಧ ಗಂಟೆ ಕೂರಬೇಕು ಎಂಬುದಕ್ಕೆ ಸರಿಯಾದ ಉತ್ತರ ಸಿಗುವುದು ಕಮ್ಮಿ. ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಔಟರ್ ರಿಂಗ್ ರೋಡಿನವು. ಅದರಲ್ಲೂ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿವರೆಗಿನ ಸುಮಾರು 17 ಕಿ.ಮೀ. ಭಾಗದವು.

## ಜಾಮ್ ಶುರುವಾಗುವುದು ಎಲ್ಲಿ?

ರಸ್ತೆ ಎಲ್ಲಿ ಕಿರಿದಾಗುತ್ತದೋ ಅಲ್ಲಿ. ಕಿರಿದು ಎಂದರೆ ಅಳತೆಯಲ್ಲೇ ಕಿರಿದಾಗಿರಬೇಕು ಎಂದೇನಿಲ್ಲ. ಮೂರು ಲೇನ್ ಇದ್ದರೂ ಒಂದರಲ್ಲಿ ಬಸ್ ನಿಂತರೆ ಅದು ಎರಡೇ ಲೇನ್ ರಸ್ತೆ.

ಟಿನ್ ಫ್ಯಾಕ್ಟರಿಯಲ್ಲಿ ಒಂದು ಸಂಜೆ ಹತ್ತು ನಿಮಿಷ ನಿಂತು ನೋಡಿ. ರಿಂಗ್ ರೋಡಿನ ಗಾಡಿಗಳೂ ಹಳೇ ಮದ್ರಾಸ್ ರಸ್ತೆಯ ಗಾಡಿಗಳೂ ಒಂದೇ ಕಡೆ ಬಂದು ಬೀಳುತ್ತವೆ. ಬಿಎಂಟಿಸಿ ಬಸ್ ನಿಲ್ಲುತ್ತದೆ. ಅದರ ಪಕ್ಕಕ್ಕೇ ಕೋಲಾರದ ಕಡೆಯ ಬಸ್ ಬಂದು ನಿಲ್ಲುತ್ತದೆ. ಬಸ್ಸಿನ ಬೋರ್ಡ್ ಕಾಣುವುದಿಲ್ಲ ಅಂತ ಜನ ಫುಟ್‌ಪಾತ್ ಬಿಟ್ಟು ರಸ್ತೆಗೇ ಇಳಿದಿರುತ್ತಾರೆ. ಅವರ ಮುಂದೆ ಆಟೋ ಬಂದು ‘ಎಲ್ಲಿಗೆ?’ ಅನ್ನುತ್ತದೆ. ಹಿಂದಿನ ಗಾಡಿಗಳಿಗೆ ಉಳಿಯುವುದು ಒಂದೂವರೆ ಲೇನ್. ಇಲ್ಲಿ ತಪ್ಪು ಯಾರದ್ದು ಅಂತ ಹುಡುಕುವುದು ಕಷ್ಟ, ಬಸ್ ಎಲ್ಲಾದರೂ ನಿಲ್ಲಲೇಬೇಕಲ್ವಾ? ಬಸ್ಸಿಗೆ ರಸ್ತೆಯಿಂದ ಒಳಗೆ ಸರಿದು ನಿಲ್ಲಲು ಜಾಗ ಬಿಡದೆ ರಸ್ತೆ ಮಾಡಿದ್ದು ಮೂಲ ಎಡವಟ್ಟು.

## ಅರ್ಧ ಗಂಟೆ ನಿಂತೆವು. ಮುಂದೆ ಹೋಗಿ ನೋಡಿದರೆ ಆ್ಯಕ್ಸಿಡೆಂಟೂ ಇಲ್ಲ, ಏನೂ ಇಲ್ಲ. ಇದು ಹೇಗೆ?

ಎರಡು ಕಾರಣ ಇರಬಹುದು.

ಒಂದು, ಜಾಮ್ ಹಿಂದಕ್ಕೆ ಚಲಿಸುತ್ತದೆ. ಮುಂದಿನ ಗಾಡಿ ಬ್ರೇಕ್ ಹಾಕಿದರೆ ಹಿಂದಿನವರು ಸ್ವಲ್ಪ ಜಾಸ್ತಿ ಹಾಕುತ್ತಾರೆ. ಅವರ ಹಿಂದಿನವರು ಇನ್ನೂ ಜಾಸ್ತಿ. ಸ್ಟೇಡಿಯಂನಲ್ಲಿ ಜನ ಸಾಲಾಗಿ ಎದ್ದು ಕೂತಾಗ ಅಲೆ ಸುತ್ತುತ್ತದೆ, ಜನ ಮಾತ್ರ ತಮ್ಮ ತಮ್ಮ ಸೀಟಿನಲ್ಲೇ ಇರುತ್ತಾರೆ. ಹಾಗೇ ಇದೂ. ಗಾಡಿಗಳು ಮುಂದಕ್ಕೆ ಹೋಗುತ್ತಿರುವಾಗಲೇ ನಿಲುಗಡೆಯ ಅಲೆ ಹಿಂದಕ್ಕೆ ಬರುತ್ತದೆ. ಇದರ ಗಣಿತವನ್ನು 1955ರಲ್ಲಿ ಲೈಟ್‌ಹಿಲ್ ಮತ್ತು ವಿಥಮ್, ಮರುವರ್ಷ ರಿಚರ್ಡ್ಸ್ ಬರೆದಿಟ್ಟರು.

ಜಪಾನಿನ ಸುಗಿಯಾಮ ತಂಡ 2008ರಲ್ಲಿ ಇದನ್ನು ಕಣ್ಣೆದುರಿಗೇ ತೋರಿಸಿತು. ಸುತ್ತಳತೆ 230 ಮೀಟರ್ ಇರುವ ಒಂದು ವೃತ್ತ. ಅದರಲ್ಲಿ 22 ಕಾರು. ಎಲ್ಲರೂ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಿ ಅಂದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ಹಸು ಇಲ್ಲ. ಆದರೂ ಸ್ವಲ್ಪ ಹೊತ್ತಿಗೆ ಕೆಲವು ಕಾರುಗಳು ಪೂರ್ತಿ ನಿಂತವು. ಆ ನಿಲುಗಡೆ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಸುತ್ತತೊಡಗಿತು.

ಇನ್ನೊಂದು ಕಾರಣ ಇನ್ನೂ ಸರಳ. ಮುಂದೆ ನಿಜವಾಗಿಯೂ ಏನೋ ಆಗಿತ್ತು, ನೀವು ತಲುಪುವ ಹೊತ್ತಿಗೆ ತೆಗೆದಿದ್ದರು. ಸಾಲಿನ ತಲೆ ಕರಗಲು ಶುರುವಾದ ಮೇಲೂ ಬಾಲ ಬೆಳೆಯುತ್ತಲೇ ಇರುತ್ತದೆ. ಅದರ ಲೆಕ್ಕ ಮುಂದಿನ ಪ್ರಶ್ನೆಯಲ್ಲಿದೆ.

## ಒಂದು ಬಸ್ 20 ನಿಮಿಷ ಕೆಟ್ಟು ನಿಂತರೆ ಏನು ಮಹಾ ಆಗುತ್ತದೆ?

ಪೆನ್ನು ಹಿಡಿದು ಕೂರೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ಆದರೆ ನಿಜಕ್ಕೆ ದೂರವಿಲ್ಲ.

ಸಿಗ್ನಲ್ ಇಲ್ಲದ ಮೂರು ಲೇನ್ ರಸ್ತೆ. ಒಂದು ಲೇನ್ ಗಂಟೆಗೆ ಸುಮಾರು 1,800 ಗಾಡಿ ಬಿಡುತ್ತದೆ ಅನ್ನಿ. ಒಟ್ಟು 5,400. ಸಂಜೆ ಹೊತ್ತು ಗಂಟೆಗೆ 5,000 ಗಾಡಿ ಬರುತ್ತಿದೆ. ಸರಿಯಾಗೇ ನಡೆಯುತ್ತಿದೆ.

ಈಗ ಒಂದು ಲೇನ್‌ನಲ್ಲಿ ಬಸ್ ಕೆಟ್ಟಿತು. ಉಳಿದ ಎರಡು ಲೇನ್‌ಗೆ ಎಲ್ಲರೂ ನುಗ್ಗುವ ಗಲಾಟೆಯಲ್ಲಿ ಗಂಟೆಗೆ 3,200 ಮಾತ್ರ ದಾಟುತ್ತವೆ. ಅಂದರೆ ನಿಮಿಷಕ್ಕೆ 30 ಗಾಡಿ ಬಾಕಿ. 20 ನಿಮಿಷಕ್ಕೆ 600. ಒಂದು ಗಾಡಿಗೆ 7 ಮೀಟರ್ ಹಿಡಿದರೂ ಮೂರು ಲೇನ್‌ನಲ್ಲಿ 1,400 ಮೀಟರ್ ಸಾಲು. ತೆವಳುತ್ತಾ ಹೋಗುವಾಗ ಗಾಡಿಗಳ ನಡುವೆ ಅಂತರ ಇನ್ನೂ ಜಾಸ್ತಿ ಇರುವುದರಿಂದ ಸಾಲು ಇದಕ್ಕಿಂತ ಉದ್ದವೇ ಆಗುತ್ತದೆ.

ಬಸ್ ಎಳೆದು ಹಾಕಿದರು. ಮುಗೀತಾ? ಇಲ್ಲ. ಈಗ ಗಂಟೆಗೆ 5,400 ಹೋಗುತ್ತದೆ, 5,000 ಬರುತ್ತಲೇ ಇದೆ. ಉಳಿಕೆ ಗಂಟೆಗೆ ಬರೀ 400. ಬಾಕಿ 600 ಕರಗಲು ಒಂದೂವರೆ ಗಂಟೆ ಬೇಕು! ಟೋಯಿಂಗ್ ಗಾಡಿ ಐದು ನಿಮಿಷ ಬೇಗ ಬಂದರೆ ಎಷ್ಟು ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಿ. ನನ್ನ ಮಟ್ಟಿಗೆ, ಹೊಸ ಫ್ಲೈಓವರ್‌ಗೆ ಮುಂಚೆ ದುಡ್ಡು ಹೋಗಬೇಕಾದ್ದು ಪೀಕ್ ಅವರ್‌ನಲ್ಲಿ ಪ್ರತಿ ಎರಡು ಮೂರು ಕಿಲೋಮೀಟರ್‌ಗೆ ಒಂದು ಕ್ರೇನ್ ಕಾದು ನಿಲ್ಲುವುದಕ್ಕೆ.

## ಸರಿ, ಆ ರಸ್ತೆ ನಿಂತಿತು. ಅದಕ್ಕೂ ಪಕ್ಕದ ರಸ್ತೆಗೂ ಏನು ಸಂಬಂಧ?

ಇಡೀ ವಿಷಯದ ಜೀವ ಇರುವುದು ಇಲ್ಲಿ. ಸಾಲಿನ ಬಾಲ ಹಿಂದಿನ ಜಂಕ್ಷನ್ ಮುಟ್ಟುವ ಕ್ಷಣದಲ್ಲಿ ಜಾಮ್ ಒಂದು ರಸ್ತೆಯ ಸಮಸ್ಯೆಯಾಗಿ ಉಳಿಯುವುದಿಲ್ಲ.

ಮೇಲಿನ ಲೆಕ್ಕವನ್ನೇ ತಗೊಳ್ಳಿ. ನಿಮಿಷಕ್ಕೆ 30 ಎಂದರೆ ಲೇನಿಗೆ 10. ಹಿಂದಿನ ಜಂಕ್ಷನ್ 400 ಮೀಟರ್ ದೂರದಲ್ಲಿದ್ದರೆ ಒಂದೊಂದು ಲೇನ್‌ಗೆ 57 ಗಾಡಿ ಹಿಡಿಯುತ್ತದೆ. ಆರು ನಿಮಿಷದಲ್ಲಿ ಭರ್ತಿ. ಅಲ್ಲಿಗೆ ಆ ಜಂಕ್ಷನ್‌ನಲ್ಲಿ ಹಸಿರು ಬಿದ್ದರೂ ಮುಂದೆ ಹೋಗಲು ಜಾಗ ಇಲ್ಲ.

ಇಬ್ಬಲೂರನ್ನು ನೋಡಿ. ಸರ್ಜಾಪುರ ರಸ್ತೆ ಅಲ್ಲಿ ರಿಂಗ್ ರೋಡಿಗೆ ಸೇರುತ್ತದೆ. ಬೆಳಿಗ್ಗೆ ಬೆಳ್ಳಂದೂರು, ಮಾರತಹಳ್ಳಿ ಕಡೆ ಆಫೀಸಿಗೆ ಹೋಗುವವರು ಒಂದು ಕಡೆ ತಿರುಗಬೇಕು. ಅಗರ, ಕೋರಮಂಗಲ ಕಡೆಯವರು ಇನ್ನೊಂದು ಕಡೆ. ಬೆಳ್ಳಂದೂರು ಕಡೆ ರಸ್ತೆ ತುಂಬಿದಾಗ ಅತ್ತ ಹೋಗುವವರು ಸರ್ಜಾಪುರ ರಸ್ತೆಯಲ್ಲೇ ನಿಲ್ಲುತ್ತಾರೆ. ಅವರ ಹಿಂದೆ ಅಗರಕ್ಕೆ ಹೋಗುವವರೂ ನಿಲ್ಲುತ್ತಾರೆ. ಅಗರದ ರಸ್ತೆ ಖಾಲಿ ಇದೆ, ಆದರೆ ಅಲ್ಲಿಗೆ ಮುಟ್ಟಲು ದಾರಿ ಇಲ್ಲ. ತುಂಬಿದ ರಸ್ತೆಯ ಜೊತೆ ಯಾವ ವ್ಯವಹಾರವೂ ಇಲ್ಲದ ಜನ ಹೀಗೆ ಅದರ ಸಾಲಿಗೆ ಸೇರಿಕೊಳ್ಳುತ್ತಾರೆ. ಆ ಸಾಲು ಬೆಳೆದು ಹಿಂದಿನ ಕ್ರಾಸ್ ಮುಚ್ಚುತ್ತದೆ. ಅಲ್ಲಿ ಅಡ್ಡ ಹೋಗಬೇಕಾದವರಿಗೆ ಬೆಳ್ಳಂದೂರೂ ಬೇಡ, ಅಗರವೂ ಬೇಡ, ಮಗಳನ್ನು ಟ್ಯೂಷನ್‌ಗೆ ಬಿಟ್ಟರೆ ಸಾಕು. ಅವರೂ ನಿಂತರು.

ಹಾಗಾಗಿ ಯಾವುದೇ ಊರಿನ ನಕ್ಷೆ ನೋಡಿದಾಗ ನಾನು ಮೊದಲು ನೋಡುವುದು ಎರಡು ಜಂಕ್ಷನ್‌ಗಳ ನಡುವಿನ ದೂರ. ಲೇನ್ ಎಷ್ಟು ಅನ್ನುವುದು ಆಮೇಲಿನ ಮಾತು. ಹತ್ತಿರ ಹತ್ತಿರ ಸಿಗ್ನಲ್ ಇರುವ ಕಡೆ ಸಾಲು ನಿಲ್ಲಲು ಜಾಗವೇ ಇರುವುದಿಲ್ಲ, ಜಾಮ್ ಬೇಗ ಹಾರುತ್ತದೆ.

## ಗ್ರಿಡ್‌ಲಾಕ್ ಅಂದರೆ ಇದೇನಾ?

ಇದರ ಕೊನೆ ಹಂತ. ‘ಅ’ ರಸ್ತೆಯ ಸಾಲು ‘ಆ’ ರಸ್ತೆಯನ್ನು ಮುಚ್ಚಿದೆ, ‘ಆ’ ಸಾಲು ‘ಇ’ಯನ್ನು, ‘ಇ’ ಸಾಲು ‘ಈ’ಯನ್ನು, ‘ಈ’ ಸಾಲು ತಿರುಗಿ ‘ಅ’ವನ್ನೇ ಮುಚ್ಚಿದೆ. ಒಬ್ಬರು ಹೋಗದೆ ಇನ್ನೊಬ್ಬರು ಹೋಗುವಂತಿಲ್ಲ. ಆಗ ಸಿಗ್ನಲ್ ಆಫ್ ಮಾಡಿ ಪೊಲೀಸರು ನಡುವೆ ನಿಂತು ಒಂದು ಕಡೆಯ ಗಾಡಿಗಳನ್ನು ರಿವರ್ಸ್ ತೆಗೆಸಬೇಕಾಗುತ್ತದೆ. 1980ರ ನ್ಯೂಯಾರ್ಕ್ ಸಾರಿಗೆ ಮುಷ್ಕರದ ಸಮಯದಲ್ಲಿ ಈ ಪದ ಜನರ ಬಾಯಿಗೆ ಬಂತು. ಜಂಕ್ಷನ್ ಮಧ್ಯೆ ಹಳದಿ ಗೆರೆಗಳ ಚೌಕ ಬಳಿದಿರುತ್ತಾರಲ್ಲ, ಅದು ಇರುವುದು ಇದನ್ನು ತಪ್ಪಿಸಲಿಕ್ಕೇ. ನಮ್ಮಲ್ಲಿ ಅದರ ಮೇಲೇ ನಿಂತು ಹಾರ್ನ್ ಹೊಡೆಯುತ್ತೇವೆ.

## ಜಾಮ್ ರೋಗದ ಹಾಗೆ ಹರಡುತ್ತದೆ ಅಂತ ಓದಿದ್ದೆ. ನಿಜವೇ?

2020ರಲ್ಲಿ ಮೀಡ್ ಸಬೇರಿ ಮತ್ತು ಜೊತೆಗಾರರು ಲಂಡನ್, ಪ್ಯಾರಿಸ್, ಮೆಲ್ಬರ್ನ್ ಸೇರಿದಂತೆ ಕೆಲವು ನಗರಗಳ ಡೇಟಾ ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಸಾಂಕ್ರಾಮಿಕ ರೋಗಕ್ಕೆ ಬಳಸುವ ಸರಳ ಮಾದರಿ ರಸ್ತೆಗಳಿಗೂ ಹೊಂದುತ್ತದೆ ಅಂತ ತೋರಿಸಿದರು. ಸರಾಗ ಇರುವ ರಸ್ತೆ, ಜಾಮ್ ಆದ ರಸ್ತೆ, ಬಿಟ್ಟುಕೊಂಡ ರಸ್ತೆ, ಹೀಗೆ ಮೂರು ಗುಂಪು. ಹರಡುವ ವೇಗ ಬಿಟ್ಟುಕೊಳ್ಳುವ ವೇಗಕ್ಕಿಂತ ಜಾಸ್ತಿ ಇದ್ದಷ್ಟು ಹೊತ್ತು ಜಾಮ್ ಬೆಳೆಯುತ್ತದೆ.

ಇದರ ಉಪಯೋಗ ಏನೆಂದರೆ, ಪ್ರತಿ ಗಾಡಿಯ ಹಿಂದೆ ಬೀಳದೆ ಇಡೀ ಊರಿನ ಸ್ಥಿತಿಯನ್ನು ಅಂದಾಜು ಮಾಡಬಹುದು. ಇವತ್ತು ಎಷ್ಟು ರಸ್ತೆಗಳು ನಿಲ್ಲುತ್ತವೆ, ಯಾವಾಗ ಬಿಡುತ್ತವೆ ಎಂದು. ಆದರೆ ಯಾವ ರಸ್ತೆ ಎಂದು ಕೇಳಿದರೆ ಈ ಮಾದರಿ ಹೇಳುವುದಿಲ್ಲ. ಅದಕ್ಕೆ ಇಬ್ಬಲೂರಿನ ಪೇದೆಯನ್ನೇ ಕೇಳಬೇಕು.

## 2023ರ ಸೆಪ್ಟೆಂಬರ್ 27ರಂದು ರಿಂಗ್ ರೋಡಿನಲ್ಲಿ ಆದದ್ದೇನು?

ಹಿಂದಿನ ದಿನ ಕಾವೇರಿ ವಿಚಾರಕ್ಕೆ ಬೆಂಗಳೂರು ಬಂದ್. ಬುಧವಾರ ಎಲ್ಲರೂ ಆಫೀಸಿಗೆ ಬಂದರು. ಗುರುವಾರ ಈದ್ ಮಿಲಾದ್ ರಜೆ, ಶುಕ್ರವಾರ ಮತ್ತೆ ಕರ್ನಾಟಕ ಬಂದ್, ಆಮೇಲೆ ಶನಿವಾರ, ಭಾನುವಾರ, ಸೋಮವಾರ ಗಾಂಧಿ ಜಯಂತಿ. ಊರಿಗೆ ಹೊರಟವರೂ ಮನೆಗೆ ಹೊರಟವರೂ ಒಂದೇ ಹೊತ್ತಿಗೆ ರಸ್ತೆಗೆ ಇಳಿದರು. ಜೊತೆಗೆ ಮಳೆ. ಮಾಮೂಲಿ ಬುಧವಾರಕ್ಕಿಂತ ಎರಡು ಪಟ್ಟಿನ ಹತ್ತಿರ ಗಾಡಿಗಳು ಇದ್ದವು ಎಂದು ಟ್ರಾಫಿಕ್ ಪೊಲೀಸರು ಹೇಳಿದ್ದರು. ಶಾಲೆ ಮಕ್ಕಳು ರಾತ್ರಿ ಎಂಟರ ಹೊತ್ತಿಗೆ ಮನೆ ಮುಟ್ಟಿದ ಸುದ್ದಿ ಎಲ್ಲ ಕಡೆ ಬಂತು. ಅಂಥ ದಿನ ಜಾಮ್‌ಗೆ ‘ಒಂದು ಜಾಗ’ ಅಂತ ಇರುವುದಿಲ್ಲ. ಹತ್ತು ಜಾಗದಲ್ಲಿ ಹುಟ್ಟಿದ ಸಾಲುಗಳು ಒಂದಕ್ಕೊಂದು ಸೇರಿಕೊಳ್ಳುತ್ತವೆ.

## ಗಾಡಿ ಸ್ವಲ್ಪ ಜಾಸ್ತಿ ಆದರೆ ಸ್ವಲ್ಪ ನಿಧಾನ ಆಗಬೇಕು. ಊರು ಪೂರ್ತಿ ಒಮ್ಮೆಗೇ ಕೂರುವುದು ಯಾಕೆ?

ಒಂದು ಮಿತಿವರೆಗೆ ನೀವು ಹೇಳಿದಂತೆಯೇ ನಡೆಯುತ್ತದೆ. ಮಿತಿ ದಾಟಿದ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ. ಗೆರೊಲಿಮಿನಿಸ್ ಮತ್ತು ದಗಾಂಜೊ 2008ರಲ್ಲಿ ಜಪಾನಿನ ಯೊಕೊಹಾಮಾದ ಡೇಟಾದಿಂದ ಇದನ್ನು ತೋರಿಸಿದರು. ಒಂದು ಪ್ರದೇಶದೊಳಗೆ ಗಾಡಿಗಳು ಹೆಚ್ಚುತ್ತಾ ಹೋದಂತೆ ಹೊರಗೆ ಹೋಗಿ ಮುಟ್ಟುವ ಗಾಡಿಗಳ ಸಂಖ್ಯೆಯೂ ಮೊದಲು ಏರುತ್ತದೆ, ಒಂದು ಹಂತದಲ್ಲಿ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಅಂದರೆ ತುಂಬಿದ ಮೇಲೆ ಇನ್ನೂ ತುಂಬಿಸಿದರೆ ಒಳಗಿರುವವರು ಹೊರಗೆ ಹೋಗುವುದೂ ಕಮ್ಮಿಯಾಗುತ್ತದೆ. ಎಂಟೂವರೆಗೆ ತೆವಳುತ್ತಿದ್ದದ್ದು ಒಂಬತ್ತಕ್ಕೆ ಪೂರ್ತಿ ನಿಲ್ಲುವುದು ಹೀಗೆ.

## ಬೈಕುಗಳು ಸಂದಿಯಲ್ಲಿ ನುಗ್ಗುವುದರಿಂದ ಅನುಕೂಲವೋ, ತೊಂದರೆಯೋ?

ಎರಡೂ. ಸಾಲು ಚಿಕ್ಕದಾಗುತ್ತದೆ, ಅದು ಅನುಕೂಲ. ಅಷ್ಟೇ ಜನ ಕಾರಿನಲ್ಲಿ ಬಂದರೆ ಸಾಲು ಎಷ್ಟು ಉದ್ದ ಇರುತ್ತಿತ್ತು ಅಂತ ಯೋಚಿಸಿ. ತೊಂದರೆ ಸಿಗ್ನಲ್‌ನಲ್ಲಿ. ಬೈಕುಗಳು ಮುಂದೆ ಮುಂದೆ ಸರಿದು ಸ್ಟಾಪ್ ಲೈನ್ ದಾಟಿ, ಝೀಬ್ರಾ ದಾಟಿ, ಫ್ರೀ ಲೆಫ್ಟ್ ಬಾಯಿಗೆ ಅಡ್ಡ ನಿಲ್ಲುತ್ತವೆ. ಎಡಕ್ಕೆ ಹೋಗಬೇಕಾದ ಬಸ್ ಒಂದು ನಿಮಿಷ ಸುಮ್ನೆ ಕಾಯುತ್ತದೆ.

## ನಾಲ್ಕು ಹನಿ ಮಳೆಗೆ ಊರೇ ಯಾಕೆ ನಿಲ್ಲುತ್ತದೆ?

ನೀರು ನಿಂತು ಲೇನ್ ಹೋಗುವುದು ಎಲ್ಲರಿಗೂ ಗೊತ್ತು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಇಕೋಸ್ಪೇಸ್ ಮುಂದೆ ರಿಂಗ್ ರೋಡೇ ಕೆರೆಯಾಗಿತ್ತು. ಆದರೆ ಅಷ್ಟು ಮಳೆ ಬೇಕಿಲ್ಲ. ಹನಿ ಶುರುವಾದ ಎರಡು ನಿಮಿಷಕ್ಕೆ ಫ್ಲೈಓವರ್, ಅಂಡರ್‌ಪಾಸ್ ಕೆಳಗೆ ನೋಡಿ. ಮೊದಲು ನಾಲ್ಕು ಬೈಕ್ ಅಂಚಿನಲ್ಲಿ ನಿಲ್ಲುತ್ತವೆ, ಸೀಟಿನಡಿಯಿಂದ ರೇನ್‌ಕೋಟ್ ತೆಗೆಯುತ್ತಾರೆ. ಅವರ ಪಕ್ಕಕ್ಕೆ ಇನ್ನು ಎಂಟು. ಒಳಗೆ ಜಾಗ ಮುಗಿದ ಮೇಲೆ ಎರಡನೇ ಲೇನ್‌ಗೂ ಬರುತ್ತಾರೆ. ರೇನ್‌ಕೋಟ್ ಇಲ್ಲದವರು ಮಳೆ ನಿಲ್ಲುವವರೆಗೂ ಕದಲುವುದಿಲ್ಲ. ಮೇಲಿನ ಬಸ್ಸಿನ ಲೆಕ್ಕ ಇಲ್ಲಿಗೂ ಹಾಗೇ ಅನ್ವಯ. ನೆನೆಯಿರಿ ಅಂತ ಅವರಿಗೆ ಹೇಳಲಾಗುತ್ತದೆಯೇ? ಫ್ಲೈಓವರ್ ಪಕ್ಕ ಬೈಕಿಗೆಂದೇ ಒಂದು ಸೂರು ಮಾಡಿದರೆ ಖರ್ಚು ಎಷ್ಟಾದೀತು?

## ಮ್ಯಾಪ್ ತೋರಿಸಿದ ಒಳರಸ್ತೆ ಹಿಡಿದರೆ ಎಲ್ಲರಿಗೂ ಒಳ್ಳೆಯದಲ್ವಾ?

ಮೊದಲ ಐವತ್ತು ಜನಕ್ಕೆ ಹೌದು. ಆಮೇಲೆ ಬಂದವರಿಗೆ ಅನುಮಾನ. ಲೇಔಟ್ ಒಳಗಿನ ರಸ್ತೆಯಲ್ಲಿ ಎರಡೂ ಬದಿ ಕಾರು ನಿಲ್ಲಿಸಿರುತ್ತಾರೆ. ಎದುರಿನಿಂದ ನೀರಿನ ಟ್ಯಾಂಕರ್ ಬಂದರೆ ಮುಗೀತು. ಅದಕ್ಕಿಂತ ದೊಡ್ಡ ತೊಂದರೆ, ಆ ಒಳರಸ್ತೆ ಕೊನೆಗೆ ಅದೇ ಮುಖ್ಯ ರಸ್ತೆಗೇ ಬಂದು ಸೇರುತ್ತದೆ. ಅಲ್ಲಿ ಪಕ್ಕದಿಂದ ನುಗ್ಗುವವರು ಹೊಸದೊಂದು ಕಿರಿದು ಜಾಗ ಸೃಷ್ಟಿಸುತ್ತಾರೆ. ಪ್ರತಿಯೊಬ್ಬರೂ ತಮಗೆ ಬೇಗ ಆಗುವ ದಾರಿ ಹಿಡಿದರೆ ಎಲ್ಲರ ಒಟ್ಟು ಸಮಯ ಕಮ್ಮಿ ಆಗಲೇಬೇಕು ಎಂದೇನಿಲ್ಲ ಅಂತ 1952ರಲ್ಲೇ ವಾರ್ಡ್ರಾಪ್ ಹೇಳಿದ್ದರು.

## ಇನ್ನೊಂದು ಫ್ಲೈಓವರ್ ಕಟ್ಟಿದರೆ ಸರಿ ಹೋಗುವುದಿಲ್ಲವೇ?

ಹೆಬ್ಬಾಳವನ್ನು ನೋಡೋಣ. ಫ್ಲೈಓವರ್ ಮುಗಿದದ್ದು 2003ರಲ್ಲಿ. 2008ರಲ್ಲಿ ಏರ್‌ಪೋರ್ಟ್ ದೇವನಹಳ್ಳಿಗೆ ಹೋಯಿತು, ಬಳ್ಳಾರಿ ರಸ್ತೆಯ ಲೆಕ್ಕವೇ ಬದಲಾಯಿತು. ಏರ್‌ಪೋರ್ಟ್ ಕಡೆಯಿಂದ ಸಲೀಸಾಗಿ ಬರುವ ಗಾಡಿಗಳು ಹೆಬ್ಬಾಳದಲ್ಲಿ ಇಳಿದು ಮೇಖ್ರಿ ಸರ್ಕಲ್ ಕಡೆಗೆ ಒತ್ತರಿಸಿಕೊಂಡು ಹೋಗಬೇಕು. 2025ರ ಆಗಸ್ಟ್‌ನಲ್ಲಿ ನಾಗವಾರದ ಕಡೆಯಿಂದ ಬರುವವರಿಗೆ ಹೊಸ ಲೂಪ್ ತೆರೆದರು. ಕೆಳಗೆ ಸಿಗ್ನಲ್‌ನಲ್ಲಿ ಸಿಕ್ಕಿಬೀಳುತ್ತಿದ್ದವರಿಗೆ ಅನುಕೂಲವೇ. ಆದರೆ ಆ ಗಾಡಿಗಳೂ ಹೋಗಿ ಸೇರುವುದು ಅದೇ ಮೇಖ್ರಿ ದಾರಿಗೆ. ಅತಿ ಕಿರಿದಾದ ಜಾಗ ಬಿಡುವಷ್ಟೇ ಗಾಡಿ ಹೋಗುತ್ತದೆ, ಅದರ ಹಿಂದೆ ಎಷ್ಟು ಲೇನ್ ಸೇರಿಸಿದರೂ ಕಾಯಲು ಜಾಗ ಸಿಗುತ್ತದೆ ಅಷ್ಟೇ.

ಇನ್ನು ಅಗಲ ಮಾಡಿದ ರಸ್ತೆ ಮತ್ತೆ ತುಂಬುವ ವಿಚಾರ. ಆ್ಯಂಥನಿ ಡೌನ್ಸ್ 1962ರಲ್ಲಿ ಇದನ್ನು ಹೇಳಿದ್ದರು. 2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಅಮೆರಿಕದ ಹೆದ್ದಾರಿಗಳ ಅಂಕಿ ಹಿಡಿದು, ರಸ್ತೆ ಎಷ್ಟು ಹೆಚ್ಚಿತೋ ಓಡಾಟವೂ ಹೆಚ್ಚುಕಮ್ಮಿ ಅಷ್ಟೇ ಹೆಚ್ಚಿತು ಎಂದು ತೋರಿಸಿದರು. ಹೊಸ ರಸ್ತೆ ಸೇರಿಸಿದ್ದಕ್ಕೇ ಎಲ್ಲರಿಗೂ ತಡವಾಗುವ ಸಂದರ್ಭವೂ ಉಂಟು. ಅದನ್ನು ಜರ್ಮನಿಯ ಗಣಿತಜ್ಞ ಬ್ರೇಸ್ 1968ರಲ್ಲಿ ಸಾಧಿಸಿ ತೋರಿಸಿದರು. ಹಾಗಂತ ಎಲ್ಲ ಫ್ಲೈಓವರ್ ದಂಡ ಅನ್ನುವವನಲ್ಲ ನಾನು. ಇಳಿಯುವ ಕಡೆ ಏನಾಗುತ್ತದೆ ಅಂತ ಹೇಳದೆ ಏರುವ ಕಡೆ ಫೋಟೊ ತೋರಿಸುವ ಯೋಜನೆ ಮೇಲೆ ನಂಬಿಕೆ ಇಲ್ಲ.

## ಹಾಗಾದರೆ ಪಕ್ಕದಲ್ಲಿ ಬೇರೆ ರಸ್ತೆಗಳಾದರೂ ಬೇಡವೇ?

ಬೇಕು. ರಿಂಗ್ ರೋಡಿನ ಆ ಭಾಗದ ದೊಡ್ಡ ಕೊರತೆಯೇ ಅದು. ಒಂದು ಕಡೆ ಕೆರೆ, ಇನ್ನೊಂದು ಕಡೆ ಟೆಕ್ ಪಾರ್ಕ್, ನಡುವೆ ಗೇಟ್ ಹಾಕಿದ ಲೇಔಟ್. ಪಕ್ಕದ ಊರಿಗೆ ಹೋಗಲೂ ಮುಖ್ಯ ರಸ್ತೆಗೇ ಬರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ವಿಪ್ರೊ ಸ್ಥಾಪಕ ಅಜೀಂ ಪ್ರೇಮ್‌ಜಿಗೆ ಪತ್ರ ಬರೆದು, ಸರ್ಜಾಪುರ ರಸ್ತೆಯ ಕ್ಯಾಂಪಸ್ ಒಳಗಿಂದ ಸೀಮಿತವಾಗಿ ಗಾಡಿ ಬಿಡಲು ಕೇಳಿದ್ದರು. ಖಾಸಗಿ ಜಾಗ, ವಿಶೇಷ ಆರ್ಥಿಕ ವಲಯದ ಷರತ್ತುಗಳಿವೆ ಎಂದು ಪ್ರೇಮ್‌ಜಿ ಒಪ್ಪಲಿಲ್ಲ. ಒಪ್ಪಬೇಕಿತ್ತೋ ಇಲ್ಲವೋ ಬೇರೆ ಚರ್ಚೆ. ರಸ್ತೆಗೆಂದು ಜಾಗ ಕೇಳಬೇಕಾದ ಕಾಲ ಕ್ಯಾಂಪಸ್ ನಕ್ಷೆಗೆ ಸಹಿ ಬೀಳುವ ಮುಂಚೆ.

## ಕಂಪ್ಯೂಟರ್ ಸಿಗ್ನಲ್‌ಗಳಿಂದ ಏನಾದರೂ ಆಗುತ್ತದೆಯೇ?

ಗಾಡಿ ಎಣಿಸಿ ಹಸಿರಿನ ಸಮಯ ಬದಲಿಸುವ ಸಿಗ್ನಲ್‌ಗಳು ಬೆಂಗಳೂರಿಗೂ ಬಂದಿವೆ. ರಸ್ತೆ ಅರ್ಧ ತುಂಬಿದಾಗ ಚೆನ್ನಾಗಿ ಕೆಲಸ ಮಾಡುತ್ತವೆ. ಮುಂದಿನ ರಸ್ತೆ ಭರ್ತಿ ಇದ್ದಾಗ ಹಸಿರು ಕೊಟ್ಟು ಪ್ರಯೋಜನವಿಲ್ಲ, ಜಂಕ್ಷನ್ ಕೆಡುತ್ತದೆ ಅಷ್ಟೇ. ಆಗ ಮಾಡಬೇಕಾದ್ದು ಒಳಗೆ ಬರುವವರನ್ನು ದೂರದ ಉದ್ದ ರಸ್ತೆಯಲ್ಲೇ ಸ್ವಲ್ಪ ತಡೆದು ನಿಲ್ಲಿಸುವುದು. ಯೊಕೊಹಾಮಾ ಲೆಕ್ಕ ಹೇಳುವುದೂ ಅದನ್ನೇ. ನಮ್ಮ ಟ್ರಾಫಿಕ್ ಪೊಲೀಸರು ಕೈಯಲ್ಲೇ ಇದನ್ನು ಮಾಡುವುದುಂಟು. ‘ಮುಂದೆ ಖಾಲಿ ಇದ್ದರೂ ಬಿಡ್ತಾ ಇಲ್ಲ’ ಅಂತ ನಾವು ಬೈಯುವುದು ಅಂಥ ಹೊತ್ತಿನಲ್ಲೇ.

## ಮೆಟ್ರೊ, ಬಸ್, ಇಲ್ಲವೇ ಜಾಮ್ ಟ್ಯಾಕ್ಸ್: ಯಾವುದರಿಂದ ಗಾಡಿ ಕಮ್ಮಿ ಆಗುತ್ತದೆ?

ಮೊದಲು ಎಷ್ಟು ಕಮ್ಮಿ ಆಗಬೇಕು ಅಂತ ನೋಡಿ. ಬಸ್ ಕೆಟ್ಟ ಲೆಕ್ಕದಲ್ಲಿ ಗಂಟೆಗೆ 5,000 ಬದಲು 4,500 ಗಾಡಿ ಬಂದಿದ್ದರೆ? ಬಾಕಿ ಉಳಿಯುವುದು 600 ಅಲ್ಲ, ಸುಮಾರು 430. ಅದು ಕರಗಲು ಒಂದೂವರೆ ಗಂಟೆ ಅಲ್ಲ, ಅರ್ಧ ಗಂಟೆಗೂ ಕಮ್ಮಿ. ಹತ್ತರಲ್ಲಿ ಒಬ್ಬರು ಗಾಡಿ ಬಿಟ್ಟು ಬಂದರೆ ಸಾಕು.

ಸ್ಟಾಕ್‌ಹೋಮ್‌ನಲ್ಲಿ 2006ರಲ್ಲಿ ಏಳು ತಿಂಗಳು ಊರೊಳಗೆ ಬರುವ ಗಾಡಿಗಳಿಗೆ ಶುಲ್ಕ ಹಾಕಿ ನೋಡಿದರು. ಗಡಿ ದಾಟುವ ಗಾಡಿ ಸುಮಾರು ಶೇ 20ರಷ್ಟು ಇಳಿಯಿತು. 2007ರಲ್ಲಿ ಅದನ್ನು ಕಾಯಂ ಮಾಡಿದರು. ಸಿಂಗಪುರ 1975ರಲ್ಲೇ ಶುರು ಮಾಡಿತ್ತು, ಲಂಡನ್ 2003ರಲ್ಲಿ. ಆದರೆ ಗಾಡಿ ಬಿಟ್ಟವರು ಹತ್ತಲು ಅಲ್ಲೆಲ್ಲ ಬಸ್ಸು, ರೈಲು ಇದ್ದವು. ಇಲ್ಲಿ ರಿಂಗ್ ರೋಡಿನ ಮೆಟ್ರೊ ಓಡುವ ಮುಂಚೆಯೇ ಶುಲ್ಕ ಕೇಳಿದರೆ ಜನ ಬೈದೇ ಬೈಯುತ್ತಾರೆ, ಅದು ನ್ಯಾಯವೂ ಹೌದು. ಆರ್.ವಿ. ರೋಡ್‌ನಿಂದ ಸಿಲ್ಕ್ ಬೋರ್ಡ್ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆ ಆಯಿತು, ಹೊಸೂರು ರಸ್ತೆಯವರಿಗೆ ಈಗ ಒಂದು ದಾರಿಯಾದರೂ ಇದೆ. ರಿಂಗ್ ರೋಡಿನಲ್ಲಿ 2019ರಲ್ಲಿ ಬಸ್ಸಿಗೇ ಒಂದು ಲೇನ್ ಬಿಟ್ಟಿದ್ದರು. ಮೆಟ್ರೊ ಕಾಮಗಾರಿ ಬಂದು ಅದು ಮಾಯವಾಯಿತು. ಅದನ್ನು ವಾಪಸ್ ತರುವುದಕ್ಕೆ ಬೇಕಾದ್ದು ಬಣ್ಣ, ಕಂಬ ಮತ್ತು ಒಂದಿಷ್ಟು ಧೈರ್ಯ.

## ಸಿಗ್ನಲ್ ಹಸಿರಿದೆ, ಮುಂದೆ ಜಾಗ ಇಲ್ಲ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ. ಏನು ಮಾಡಲಿ?

ಸ್ಟಾಪ್ ಲೈನ್ ಹಿಂದೆಯೇ ನಿಲ್ಲಿ. ಜಂಕ್ಷನ್ ಆಚೆ ನಿಮ್ಮ ಗಾಡಿ ಹಿಡಿಯುವಷ್ಟು ಜಾಗ ಕಂಡ ಮೇಲೆ ಹೊರಡಿ. ಹಾರ್ನ್ ಜೋರಾಗುತ್ತದೆ. ಒಂದಿಬ್ಬರು ಬೈಕಿನವರು ನಿಮ್ಮನ್ನು ದುರುಗುಟ್ಟಿ ನೋಡಿ, ಪಕ್ಕದಲ್ಲಿ ನುಗ್ಗಿ ಹೋಗಿ ಹಳದಿ ಚೌಕದ ಮಧ್ಯೆ ನಿಲ್ಲುತ್ತಾರೆ. ನಿಲ್ಲಲಿ ಬಿಡಿ. ಎರಡು ಬೈಕ್ ನಿಂತರೆ ಅಡ್ಡ ಬರುವ ಬಸ್ ಹೇಗೋ ಸುತ್ತಿಕೊಂಡು ಹೋಗುತ್ತದೆ, ನಿಮ್ಮ ಕಾರು ನಿಂತರೆ ಹೋಗಲಾಗುವುದಿಲ್ಲ.